ನೀರು ಹೊತ್ತು ನಿಂತ ಹಕ್ಕಿ

ಶಾಮಲಾಳ ಕೆಲಸ ಹೋದ ವಾರವೇ ಅವಳ ಗಂಡ ತ್ರಿವಿಕ್ರಮ, "ಈ ಸಲ ನೀನೂ ಬಾ" ಎಂದ.

ಅಮೆರಿಕದ ಬೆಲ್ವ್ಯೂ ಊರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ತಂಡದಲ್ಲಿದ್ದಳು ಶಾಮಲಾ. ಬೇರೆಯವರು ಬರೆದ ಪ್ರೋಗ್ರಾಮು ಏನು ಮಾಡಿದರೆ ಕೆಡುತ್ತದೆ, ಎಷ್ಟು ಸಲ ಮಾಡಿದರೂ ಹಾಗೇ ಕೆಡುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಅಕ್ಟೋಬರಿನ ಒಂದು ಬೆಳಿಗ್ಗೆ ಇಡೀ ತಂಡಕ್ಕೆ ಒಂದೇ ಇಮೇಲ್ ಬಂತು. ಮಧ್ಯಾಹ್ನದ ಹೊತ್ತಿಗೆ ಅವಳು ಹತ್ತಿರದ ಸಮಾಮಿಶ್‌ನ ಮನೆಯ ಅಡುಗೆಮನೆಯಲ್ಲಿ ನಿಂತು, ಯಾವತ್ತೂ ಆ ಹೊತ್ತಿನಲ್ಲಿ ನೋಡಿರದ ಬಿಸಿಲು ಕಿಟಕಿಯಿಂದ ನೆಲದ ಮೇಲೆ ಬಿದ್ದಿದ್ದನ್ನು ನೋಡುತ್ತಿದ್ದಳು.

ತ್ರಿವಿಕ್ರಮನಿಗೆ ಹಕ್ಕಿಗಳ ಹುಚ್ಚು. ಪ್ರತಿ ಜನವರಿಯಲ್ಲೂ ರಜೆ ಕೂಡಿಸಿಕೊಂಡು, ಹಕ್ಕಿ ಕ್ಲಬ್ಬಿನ ಗೆಳೆಯರ ಜೊತೆಗೋ ಒಬ್ಬನೇ ಆಗಿಯೋ ಆಫ್ರಿಕಾಕ್ಕೆ ಹೋಗಿಬಿಡುತ್ತಿದ್ದ. ಮನೆಯ ಹಜಾರದ ಗೋಡೆ ತುಂಬ ಅವನು ತೆಗೆದ ಚಿತ್ರಗಳು: ಜಾಂಬಿಯಾದ ನದೀದಂಡೆಯ ಮಣ್ಣಿನಲ್ಲಿ ಬಿಲ ಕೊರೆದುಕೊಂಡ ಕೆಂಪು ಕಳ್ಳಿಪೀರ ಹಕ್ಕಿಗಳು, ಕೀನ್ಯಾದ ಉಪ್ಪುಕೆರೆಯ ರಾಜಹಂಸಗಳು, ನಮೀಬಿಯಾದ ಮರಳುಗಾಡಿನ ಹೊಂಡದಲ್ಲಿ ಹೊಟ್ಟೆಯ ಪುಕ್ಕವನ್ನು ನೆನೆಸಿಕೊಳ್ಳುತ್ತಿರುವ ಸ್ಯಾಂಡ್‌ಗ್ರೌಸ್ ಎಂಬ ಹಕ್ಕಿ. ಆ ಹಕ್ಕಿ ಒದ್ದೆಯಾದ ಪುಕ್ಕದಲ್ಲೇ ನೀರನ್ನು ಹೊತ್ತು ದೂರದ ಮರಿಗಳಿಗೆ ಕುಡಿಸುತ್ತದೆ ಎಂದು ಮನೆಗೆ ಬಂದ ಪ್ರತಿಯೊಬ್ಬರಿಗೂ ಅವನು ವಿವರಿಸುತ್ತಿದ್ದ. ಶಾಮಲಾ ಆ ವಿವರಣೆಯನ್ನು ಕೇಳಿ ಕೇಳಿ, ಅದು ಶುರುವಾಗುತ್ತಿದ್ದಂತೆ ಕಾಫಿ ಮಾಡಲು ಏಳುತ್ತಿದ್ದಳು.

"ನಾನು ಬಂದು ಏನ್ ಮಾಡ್ಲಿ ರೀ? ನೀವು ಹಕ್ಕಿ ನೋಡ್ತೀರ, ನಾನು ನಿಮ್ಮನ್ನ ನೋಡ್ಕೊಂಡು ಕೂತಿರ್ಬೇಕು."

"ಬೈನಾಕ್ಯುಲರ್ ಕೊಡ್ತೀನಿ. ಬೋರಾದ್ರೆ ಲಾಡ್ಜಲ್ಲಿ ಮಲ್ಕೋ. ಇಲ್ಲಿ ಒಬ್ಳೇ ಕೂತು ಅದೇ ಯೋಚ್ನೆ ಮಾಡ್ತಿರೋದಕ್ಕಿಂತ ವಾಸಿ."

ದೂರದ ಊರಿನಲ್ಲಿ ಓದುತ್ತಿದ್ದ ಮಗಳು ಜಾಹ್ನವಿಯೂ ವಿಡಿಯೊ ಕಾಲಿನಲ್ಲಿ, "ಅಮ್ಮಾ, ಜಸ್ಟ್ ಗೋ" ಎಂದಳು. ಶಾಮಲಾ ಹೊರಟಳು.

ಆ ವರ್ಷ ಅವನು ಆರಿಸಿಕೊಂಡಿದ್ದು ಯುಗಾಂಡಾ. ವಿಕ್ಟೋರಿಯಾ ಸರೋವರದ ಅಂಚಿನ ಜೌಗಿನಲ್ಲಿ ಶೂಬಿಲ್ ಎಂಬ ಹಕ್ಕಿ ಇದೆ. ಮನುಷ್ಯನ ಎದೆಯವರೆಗೆ ಬರುವಷ್ಟು ಎತ್ತರ, ಬೂದಿ ಬಣ್ಣ, ಮರದ ದೊಡ್ಡ ಪಾದರಕ್ಷೆಯನ್ನು ಮುಖಕ್ಕೆ ಅಂಟಿಸಿದಂತಹ ಕೊಕ್ಕು. ಬಿಸಿಲು ಏರಿದಾಗ ಅದು ಆ ಕೊಕ್ಕಿನ ತುಂಬ ನೀರು ತಂದು ಗೂಡಿನಲ್ಲಿರುವ ಮರಿಯ ಮೇಲೆ ಸುರಿದು ತಂಪು ಮಾಡುತ್ತದೆ. ಆ ಸುರಿಯುವ ಗಳಿಗೆಯನ್ನು ಹಿಡಿಯಬೇಕೆಂಬುದು ತ್ರಿವಿಕ್ರಮನ ಬಹುದಿನದ ಆಸೆ. ಈ ಸಲ ಮರಿಯಿರುವ ಗೂಡೊಂದು ಕಂಡಿದೆ ಎಂಬ ಸುದ್ದಿ ಅವನಿಗೆ ಸಿಕ್ಕಿತ್ತು.

ಅವರ ದೋಣಿ ನಡೆಸುವವನ ಹೆಸರು ಮುಕಾಸಾ. ನಲವತ್ತರ ಆಸುಪಾಸಿನ, ಮೆಲುದನಿಯ ಮನುಷ್ಯ. ಉದ್ದನೆಯ ಗಳದಿಂದ ಕೆಸರನ್ನು ಒತ್ತುತ್ತ, ಆಳೆತ್ತರದ ಪಪೈರಸ್ ಜೊಂಡಿನ ನಡುವಿನ ಸಣ್ಣ ಕಾಲುವೆಗಳಲ್ಲಿ ದೋಣಿಯನ್ನು ನುಗ್ಗಿಸುತ್ತಿದ್ದ. ಮೊದಲ ದಿನ ಶೂಬಿಲ್ ಕಾಣಲಿಲ್ಲ. ಆದರೆ ಶಾಮಲಾಳಿಗೆ ಬೋರಾಗಲಿಲ್ಲ. ನೈದಿಲೆಯ ಎಲೆಗಳ ಮೇಲೆ ಉದ್ದ ಬೆರಳುಗಳನ್ನು ಹರಡಿಕೊಂಡು ಓಡಾಡುವ ಹಕ್ಕಿಗಳನ್ನು ಅವಳೇ ಮೊದಲು ಕಂಡು ಗಂಡನ ಭುಜ ತಟ್ಟಿದಳು. ಅವನು ತಿರುಗಿ ನೋಡಿ, "ನಿನ್ ಕಣ್ಣು ಚೆನ್ನಾಗಿದೆ ಕಣೇ" ಎಂದ. ಎಷ್ಟೋ ತಿಂಗಳ ಮೇಲೆ ಅವಳಿಗೆ ತಾನು ಯಾವುದೋ ಕೆಲಸಕ್ಕೆ ಬಂದೆನೆಂಬ ಖುಷಿಯಾಯಿತು.

ಮಾರನೆಯ ದಿನ ಶೂಬಿಲ್ ಸಿಕ್ಕಿತು. ಜೊಂಡಿನ ನಡುವೆ ಬಯಲಾದ ಒಂದು ಕಡೆ, ಯಾರೋ ಮರೆತು ಹೋದ ಕಲ್ಲುಕಂಬದ ಹಾಗೆ ನಿಂತಿತ್ತು. ಅರ್ಧ ಬೆಳಿಗ್ಗೆ ಅದು ಅಲುಗಲೇ ಇಲ್ಲ, ಇವರೂ ಅಲುಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಇಷ್ಟು ಹೊತ್ತು ಒಂದೇ ವಸ್ತುವನ್ನು ನೋಡುತ್ತ ಮಾತಿಲ್ಲದೆ ಕುಳಿತದ್ದು ಯಾವ ಕಾಲದಲ್ಲೋ ಎಂದುಕೊಂಡಳು ಶಾಮಲಾ.

ಅದರ ಮಾರನೆಯ ದಿನ ಗೂಡಿನ ಕಡೆ ಹೊರಟರು. ಒಂದು ತಿರುವಿನಲ್ಲಿ ಮುಕಾಸಾ ಗಳವನ್ನು ಕೆಸರಿಗೆ ಊರಿ ದೋಣಿ ನಿಲ್ಲಿಸಿದ. ಅವನು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ.

"ಇಲ್ಲಿಂದ ನೋಡೋಣ ಸರ್. ಇಲ್ಲಿಗೆ ಸಾಕು."

ದೂರದಲ್ಲಿ, ತುಳಿದು ಮಟ್ಟಸ ಮಾಡಿದ ಜೊಂಡಿನ ದಿಬ್ಬ, ಅದರ ಮೇಲೆ ಕಂದುಬೂದಿ ಬಣ್ಣದ ಮುದ್ದೆಯಂತೆ ಮರಿ ಕಾಣುತ್ತಿತ್ತು. ಆದರೆ ನಡುವೆ ಒಂದಷ್ಟು ಜೊಂಡಿನ ಗರಿ ಅಡ್ಡ ಬಂದಿತ್ತು. ತ್ರಿವಿಕ್ರಮ ಕ್ಯಾಮೆರಾದಿಂದ ಕಣ್ಣು ತೆಗೆದು, ಮುಂದಿನ ಪೊದೆಯವರೆಗೆ ಮಾತ್ರ ಹೋಗೋಣ ಎಂದ. ಮುಕಾಸಾ ತಲೆ ಕೆರೆದುಕೊಂಡ. ತ್ರಿವಿಕ್ರಮ ಮತ್ತೆ ಕೇಳಿದ, ನಗುತ್ತಲೇ, ಅಷ್ಟು ದೂರದಿಂದ ಬಂದವನೆಂದು ನೆನಪಿಸುತ್ತ. ದೋಣಿ ಮುಂದಕ್ಕೆ ಹೋಯಿತು.

ಪೊದೆಯ ಅಂಚಿನಿಂದ ಎಲ್ಲವೂ ನಿಚ್ಚಳವಾಗಿ ಕಂಡಿತು. ಗೂಡಿನ ಮೇಲೆ ನಿಂತಿದ್ದ ದೊಡ್ಡ ಹಕ್ಕಿ ಇವರನ್ನು ಕಂಡು ರೆಕ್ಕೆ ಬಿಚ್ಚಿ, ತಗ್ಗಿನಲ್ಲೇ ಹಾರಿ ಜೊಂಡಿನಾಚೆ ಇಳಿಯಿತು. ಮರಿ ಒಂದೇ ಉಳಿಯಿತು.

"ನೀರು ತರೋಕೇ ಹೋಗಿರೋದು. ರೆಡಿ ಇರ್ಬೇಕು" ಎಂದು ತ್ರಿವಿಕ್ರಮ ಪಿಸುಗುಟ್ಟಿದ.

ಅವನು ಹೇಳಿದ್ದು ನಿಜವಾಯಿತು. ಸ್ವಲ್ಪ ಹೊತ್ತಿನಲ್ಲೇ ಹಕ್ಕಿ ಜೊಂಡನ್ನು ಸೀಳಿಕೊಂಡು ನಡೆದು ಬಂತು. ಕೊಕ್ಕಿನ ಅಂಚಿನಿಂದ ನೀರು ಸೋರುತ್ತಿತ್ತು. ಗೂಡು ಇನ್ನು ಕೆಲವು ಹೆಜ್ಜೆಯಿದೆ ಎನ್ನುವಾಗ ನಿಂತಿತು. ಮುಖವನ್ನು ಪೂರ್ತಿ ದೋಣಿಯ ಕಡೆ ತಿರುಗಿಸಿತು. ತ್ರಿವಿಕ್ರಮನ ಕ್ಯಾಮೆರಾ ಮೆಲ್ಲಗೆ ಸದ್ದು ಮಾಡಿತು. ಹಕ್ಕಿ ಹಾಗೇ ನಿಂತಿತು, ನೀರೆಲ್ಲ ಸೋರಿಹೋಗುವವರೆಗೆ. ಆಮೇಲೆ ತಿರುಗಿ ಹೋಯಿತು.

ಮತ್ತೆ ಬಂತು. ಮತ್ತೆ ಅಲ್ಲೇ ನಿಂತಿತು. ಮತ್ತೆ ಸೋರಿತು.

ಬಿಸಿಲು ನೆತ್ತಿಗೇರುತ್ತಿತ್ತು. ಶಾಮಲಾ ಬೈನಾಕ್ಯುಲರನ್ನು ಮರಿಯ ಮೇಲೆ ಹಿಡಿದಿದ್ದಳು. ಮರಿ ಬಾಯಿ ತೆರೆದುಕೊಂಡಿತ್ತು, ಅದರ ಗಂಟಲು ಪಟಪಟನೆ ಬಡಿದುಕೊಳ್ಳುತ್ತಿತ್ತು. ಮೊದಲು ಎತ್ತಿ ಹಿಡಿದಿದ್ದ ತಲೆಯನ್ನು ಈಗ ಜೊಂಡಿನ ಮೇಲೆ ಚೆಲ್ಲಿಕೊಂಡಿತ್ತು.

"ರೀ."

"ಶ್."

"ರೀ, ನಾವಿಲ್ಲಿರೋದಕ್ಕೇ ಅದು ಹತ್ರ ಹೋಗ್ತಿಲ್ಲ."

"ಹೋಗತ್ತೆ. ನಾವು ಅಭ್ಯಾಸ ಆಗ್ಬೇಕು ಅದಕ್ಕೆ. ಸ್ವಲ್ಪ ತಾಳು."

"ಎರಡ್ ಸಲ ನೀರು ತಂದು ಚೆಲ್ಕೊಂಡು ಹೋಯ್ತು. ಎರಡ್ ಸಲಾನೂ ಅದೇ ಜಾಗದಲ್ಲಿ ನಿಂತಿದ್ದು. ಮರಿ ನೋಡಿ, ಹೇಗೆ ಬಾಯಿ ಬಿಡ್ತಿದೆ."

"ಶಾಮಲಾ, ನಾನು ಇಷ್ಟ್ ವರ್ಷದಿಂದ ಹಕ್ಕಿ ನೋಡ್ತಿದೀನಿ. ನಂಗೊತ್ತಿಲ್ವಾ?"

"ಹಾಗಾದ್ರೆ ಹೊರಡೋಣ ಅನ್ನಿ."

"ಐದೇ ನಿಮಿಷ."

ಅವಳು ಹಿಂದಕ್ಕೆ ತಿರುಗಿ ಮುಕಾಸಾನನ್ನು ನೋಡಿದಳು. ಅವನಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿದಿತ್ತು. ಆದರೆ ಅವನು ತ್ರಿವಿಕ್ರಮನ ಬೆನ್ನನ್ನು ನೋಡುತ್ತ ಗಳ ಹಿಡಿದು ನಿಂತಿದ್ದ. ಆ ಹೊತ್ತಿಗೆ ಹಕ್ಕಿ ಮೂರನೆಯ ಸಲ ಬಂದು ಅದೇ ಜಾಗದಲ್ಲಿ ನಿಂತಿತು.

ಶಾಮಲಾ ತನ್ನ ಹುಲ್ಲಿನ ಟೋಪಿಯನ್ನು ತೆಗೆದು ಗಂಡನ ಉದ್ದನೆಯ ಲೆನ್ಸಿನ ಬಾಯಿಗೆ ಮುಚ್ಚಿದಳು.

ತ್ರಿವಿಕ್ರಮ ತಲೆಯೆತ್ತಿ, ಪಕ್ಕದಲ್ಲಿ ಕೂತವಳು ಯಾರೆಂದು ತಿಳಿಯದವನಂತೆ ಅವಳನ್ನು ನೋಡಿದ. ಅವಳ ಕೈ ಟೋಪಿಯ ಮೇಲೇ ಇತ್ತು. ಆಮೇಲೆ ಮುಕಾಸಾ ಯಾರ ಮಾತಿಗೂ ಕಾಯದೆ ಗಳವನ್ನು ಒತ್ತಿದ. ದೋಣಿ ಹಿಂದೆ ಸರಿಯಿತು, ತಿರುಗಿತು. ಜೊಂಡು ಮುಚ್ಚಿಕೊಂಡಿತು.

ಕಾಲುವೆಯಲ್ಲಿ ಸ್ವಲ್ಪ ದೂರ ಬಂದಾಗ ಹಿಂದಿನಿಂದ ಸದ್ದು ಕೇಳಿತು. ಒಣಮರದ ತುಂಡುಗಳನ್ನು ಬಿರುಸಾಗಿ ಒಂದಕ್ಕೊಂದು ಬಡಿದಂತೆ, ಕಟಕಟಕಟ. ಮುಕಾಸಾ ಗಳ ನಿಲ್ಲಿಸಿ ಕಿವಿಗೊಟ್ಟ.

"ಗೂಡಿಗೆ ಹೋಯಿತು" ಎಂದ. "ಗೂಡಿಗೆ ಬಂದಾಗ ಹಾಗೆ ಕೊಕ್ಕು ಬಡಿಯುತ್ತದೆ."

ಶಾಮಲಾಳ ಎದೆ ಹಗುರವಾಯಿತು. ಗಂಡನ ಮುಖ ನೋಡಿದಳು. ಅವನು ಕ್ಯಾಮೆರಾದ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳುತ್ತ ನೀರನ್ನು ನೋಡುತ್ತಿದ್ದ. ಆ ಸದ್ದಿನಿಂದ ಅವನ ಸಿಟ್ಟು ಇಳಿಯಲಿಲ್ಲ, ಏರಿತು.

ಊಟದ ಹೊತ್ತಿಗೆ ಅವನು ಬಾಯಿ ಬಿಟ್ಟ. "ನನ್ ಲೆನ್ಸಿಗೆ ಟೋಪಿ ಮುಚ್ತೀಯಲ್ಲ. ದೋಣಿಯವನ ಎದುರಿಗೆ."

"ಬರೀ ಕೇಳಿದ್ರೆ ಹೊರಡ್ತಿದ್ರಾ?"

ಉಳಿದ ದಿನಗಳಲ್ಲಿ ಅವನು ನೀರಿನ ಬಾಟಲಿ, ಸನ್‌ಸ್ಕ್ರೀನ್, ಪಾಸ್‌ಪೋರ್ಟ್ ಇಷ್ಟರ ಬಗ್ಗೆ ಮಾತ್ರ ಮಾತಾಡಿದ. ಆದರೆ ಇನ್ನೊಂದು ದಿನ ದೋಣಿಯ ಸವಾರಿ ಬಾಕಿಯಿತ್ತು. ಅವತ್ತು ಮುಕಾಸಾ ಎಲ್ಲಿಗೆಂದು ಕೇಳಿದಾಗ ತ್ರಿವಿಕ್ರಮ, "ಗೂಡಿನ ಕಡೆ ಬೇಡ, ಬೇರೆ ಎಲ್ಲಿಗಾದರೂ" ಎಂದದ್ದನ್ನು ಶಾಮಲಾ ಗಮನಿಸಿದಳು. ಅವತ್ತು ಅವನು ಒಂದು ಮಿಂಚುಳ್ಳಿಯ ಚಿತ್ರಗಳನ್ನು ಇಡೀ ಬೆಳಿಗ್ಗೆ ಕಾಟಾಚಾರಕ್ಕೆ ತೆಗೆದ.

ಸಮಾಮಿಶ್‌ಗೆ ಮರಳಿದ ಮೇಲೆ ಮಳೆ ಹಿಡಿದುಕೊಂಡಿತು. ಪ್ರತಿ ವರ್ಷ ಬಂದ ದಿನವೇ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದ ತ್ರಿವಿಕ್ರಮ ಈ ಸಲ ಕ್ಯಾಮೆರಾ ಚೀಲವನ್ನು ಬಿಚ್ಚಲೇ ಇಲ್ಲ. ಶಾಮಲಾ ಕೆಲಸಗಳಿಗೆ ಅರ್ಜಿ ಹಾಕುತ್ತ, ಇಂಟರ್‌ವ್ಯೂಗಳಲ್ಲಿ ತನ್ನ ಅರ್ಧ ವಯಸ್ಸಿನವರ ಪ್ರಶ್ನೆಗಳಿಗೆ ಉತ್ತರಿಸುತ್ತ ದಿನ ಕಳೆದಳು. ಆ ಟೋಪಿಯ ವಿಷಯ ಅವಳನ್ನೂ ಬಿಟ್ಟಿರಲಿಲ್ಲ. ಮರಿಯ ಮೇಲಿನ ಕನಿಕರದಿಂದಲೇ ತಾನು ಹಾಗೆ ಮಾಡಿದೆನೇ? ಅಥವಾ ಕೆಲಸ ಹೋದ ಆ ತಿಂಗಳುಗಳಲ್ಲಿ ಎಲ್ಲರೂ ತನಗೆ "ಸ್ವಲ್ಪ ತಾಳು" ಎನ್ನುತ್ತಿದ್ದರಲ್ಲ, ಆ ಸಿಟ್ಟೆಲ್ಲ ಅವತ್ತು ಕೈಗೆ ಬಂತೇ? ಪಾತ್ರೆ ತೊಳೆಯುವಾಗ, ಕಾರಿನಲ್ಲಿ ಸಿಗ್ನಲಿಗೆ ಕಾಯುವಾಗ ಇದು ತಲೆಗೆ ಬರುತ್ತಿತ್ತು. ಗಂಡನ ಹತ್ತಿರ ಹೇಳಲು ಬಾಯಿ ಬರುತ್ತಿರಲಿಲ್ಲ.

ಮಾರ್ಚ್‌ನಲ್ಲಿ ಸತ್ತಾರ್ ಬಂದ. ಮೈಸೂರಿನವನು, ತ್ರಿವಿಕ್ರಮನ ಹಳೆಯ ಸಹೋದ್ಯೋಗಿ, ಅವರ ಹಕ್ಕಿ ಕ್ಲಬ್ಬನ್ನು ನಡೆಸುವವನು. ಏಪ್ರಿಲ್‌ನಲ್ಲಿ ಹತ್ತಿರದ ಕೆನ್ಮೋರ್‌ನ ಒಂದು ಸಭಾಂಗಣದಲ್ಲಿ ಕ್ಲಬ್ಬಿನ ಹಕ್ಕಿಚಿತ್ರಗಳ ಪ್ರದರ್ಶನ ಇತ್ತು.

"ಏನ್ ಗುರು, ಯುಗಾಂಡಾಗೆ ಹೋಗಿ ಬಂದು ಒಂದ್ ಫೋಟೋನೂ ಕಳಿಸ್ಲಿಲ್ಲ? ಭಾಭಿ, ಏನಾಯ್ತು ಇವನಿಗೆ?"

ಶಾಮಲಾ ನಕ್ಕಳು. ಸತ್ತಾರ್ ತಾನೇ ಚೀಲ ಬಿಚ್ಚಿ, ಕಾರ್ಡ್ ತೆಗೆದು ಕಂಪ್ಯೂಟರಿಗೆ ಹಾಕಿದ. ಒಂದೊಂದೇ ಚಿತ್ರ ದಾಟಿಸುತ್ತ ಹೋಗಿ ಒಂದರ ಮೇಲೆ ನಿಂತುಬಿಟ್ಟ.

"ಅಯ್ಯೋ ದೇವ್ರೇ!"

ಪರದೆಯ ತುಂಬ ಶೂಬಿಲ್. ನೇರವಾಗಿ ಇತ್ತಲೇ ನೋಡುವ ಮಾಸಲು ಹಳದಿ ಕಣ್ಣುಗಳು. ಅರ್ಧ ತೆರೆದ ಕೊಕ್ಕಿನ ಅಂಚಿನಿಂದ ಎಳೆಯಾಗಿ ಇಳಿಯುತ್ತಿರುವ ನೀರು, ಒಂದೊಂದು ಹನಿಯಲ್ಲೂ ಬಿಸಿಲು. ಹಿಂದೆ ಮಸುಕಾದ ಹಸಿರು. ತ್ರಿವಿಕ್ರಮ ತನ್ನ ಬದುಕಿನಲ್ಲಿ ತೆಗೆದ ಅತ್ಯುತ್ತಮ ಚಿತ್ರ ಅದೆಂದು ಹಕ್ಕಿಗಳ ಗಂಧಗಾಳಿಯಿಲ್ಲದವರೂ ಹೇಳಬಹುದಿತ್ತು.

"ಇದನ್ನ ಒಳಗಿಟ್ಕೊಂಡು ಕೂತಿದೀಯಲ್ಲ! ಬಾಗಿಲಿನ ಎದುರಿಗೇ ಹಾಕ್ತೀನಿ ಇದನ್ನ" ಎಂದ ಸತ್ತಾರ್. ತ್ರಿವಿಕ್ರಮ ಹೆಂಡತಿಯ ಕಡೆ ನೋಡಲಿಲ್ಲ. "ಹಾಕು" ಎಂದ.

ಪ್ರದರ್ಶನದ ದಿನ ಮಳೆ ಬಿಟ್ಟಿತ್ತು. ಚಿತ್ರದ ಕೆಳಗೆ ಸತ್ತಾರ್ ಇಂಗ್ಲಿಷಿನಲ್ಲಿ ಒಂದು ಚೀಟಿ ಅಂಟಿಸಿದ್ದ: "ಮರಿಗೆ ನೀರು ತರುತ್ತಿರುವ ಶೂಬಿಲ್, ಯುಗಾಂಡಾ. ಚಿತ್ರ: ತ್ರಿವಿಕ್ರಮ." ಜನ ಬಂದರು, ಆ ಚಿತ್ರದ ಮುಂದೆಯೇ ಹೆಚ್ಚು ಹೊತ್ತು ನಿಂತರು. ತ್ರಿವಿಕ್ರಮನ ಕೈ ಕುಲುಕಿದರು. ಶಾಮಲಾ ಸತ್ತಾರ್‌ನ ಹೆಂಡತಿ ಮುನ್ನಿಯ ಜೊತೆ ಪಕ್ಕದ ಮೇಜಿನಲ್ಲಿ ಚಹಾ ಬಗ್ಗಿಸಿ ಕೊಡುತ್ತಿದ್ದಳು.

ಊರುಗೋಲು ಹಿಡಿದ ಒಬ್ಬ ಬಿಳಿಕೂದಲಿನ ಹೆಂಗಸು ಚಿತ್ರವನ್ನು ಬಹಳ ಹೊತ್ತು ನೋಡಿದರು. ಚೀಟಿ ಓದಿದರು. ಮತ್ತೆ ಚಿತ್ರ ನೋಡಿದರು. ಆಮೇಲೆ ತ್ರಿವಿಕ್ರಮನ ಕಡೆ ತಿರುಗಿ ಕೇಳಿದರು.

"ಮರಿ ಎಲ್ಲಿದೆ?"

"ಬಲಗಡೆ, ಚೌಕಟ್ಟಿನಿಂದ ಆಚೆ."

"ಇದು ಅದನ್ನು ನೋಡುತ್ತಿಲ್ಲವಲ್ಲ. ಕೊನೆಗೆ ನೀರು ಕೊಟ್ಟಿತೆ?"

ಶಾಮಲಾಳ ಕೈಯಲ್ಲಿದ್ದ ಕೆಟಲ್ ಅಲ್ಲೇ ನಿಂತಿತು. ಕೊಟ್ಟಿತು ಎಂದರೆ ಮುಗಿಯಿತು. ಆ ಮಾತು ಸುಳ್ಳೂ ಅಲ್ಲ. ಕೊಕ್ಕಿನ ಸದ್ದು ಕೇಳಿತ್ತಲ್ಲ. ತ್ರಿವಿಕ್ರಮ ಚಿತ್ರವನ್ನು ತಾನೇ ಮೊದಲ ಸಲ ನೋಡುವವನಂತೆ ನೋಡಿದ.

"ನಾನು ಅಲ್ಲಿರುವವರೆಗೂ ಕೊಡಲಿಲ್ಲ" ಎಂದ. "ನಾನು ಗೂಡಿಗೆ ತೀರ ಹತ್ತಿರ ಹೋಗಿದ್ದೆ. ಅದು ಮತ್ತೆ ಮತ್ತೆ ನೀರು ತಂದು, ನನ್ನನ್ನು ನೋಡಿ ನಿಲ್ಲುತ್ತಿತ್ತು. ಹೊರಡೋಣ ಎಂದು ನನ್ನ ಹೆಂಡತಿ ಹೇಳಿದಳು. ನಾನು ಕೇಳಲಿಲ್ಲ. ಕೊನೆಗೆ ಅವಳೇ ಹೊರಡಿಸಿದಳು."

ಆ ಹೆಂಗಸು ತಲೆದೂಗಿದರು. ನಗಲಿಲ್ಲ, ಬೈಯಲೂ ಇಲ್ಲ. "ಹೇಳಿದ್ದು ಒಳ್ಳೆಯದಾಯಿತು" ಎಂದು ಮುಂದಿನ ಚಿತ್ರಕ್ಕೆ ಹೋದರು. ಹತ್ತಿರ ನಿಂತಿದ್ದ ಇಬ್ಬರು ಮೂವರು ಇತ್ತ ತಿರುಗಿ ನೋಡಿದರು.

ಸತ್ತಾರ್ ಅವನನ್ನು ಪಕ್ಕಕ್ಕೆ ಎಳೆದುಕೊಂಡು ಬಂದ. "ಯಾಕಪ್ಪಾ ಹಾಗೆಲ್ಲ ಹೇಳೋಕೋದೆ? ಕ್ಲಬ್ಬಿನ ಬಗ್ಗೆ ಜನ ಏನಂದ್ಕೋತಾರೆ?"

"ಕೇಳಿದ್ರು, ಹೇಳ್ದೆ."

"ತೆಗೆದ್ಬಿಡೋಣ್ವಾ ಹಾಗಾದ್ರೆ?"

"ಬೇಡ, ಇರ್ಲಿ. ಕೆಳಗಿರೋ ಚೀಟಿ ಮಾತ್ರ ಬದಲಾಯ್ಸೋಣ. ಪೆನ್ ಕೊಡು."

ಅವನು ಕೈಯಲ್ಲೇ ಬರೆದ: "ಮರಿಗೆ ನೀರು ತಂದ ಶೂಬಿಲ್. ನಮ್ಮ ದೋಣಿ ಗೂಡಿಗೆ ತೀರ ಹತ್ತಿರ ಇದ್ದುದರಿಂದ ಮುಂದೆ ಹೋಗಲಾರದೆ ನಿಂತಿದೆ." ಅವತ್ತು ಸಂಜೆಯವರೆಗೂ ಆ ಚೀಟಿಯ ಮುಂದೆ ಸಣ್ಣ ಸಣ್ಣ ಚರ್ಚೆಗಳು ನಡೆದವು. ಕ್ಲಬ್ಬಿನ ಒಬ್ಬ ಸದಸ್ಯ ಇದು ಅನಗತ್ಯ ನಾಟಕ ಎಂದು ಮುನಿಸಿಕೊಂಡು ಹೋದ. ಇನ್ನೊಬ್ಬಳು ಬಂದು ತ್ರಿವಿಕ್ರಮನ ಭುಜ ಮುಟ್ಟಿ ಹೋದಳು. ಸತ್ತಾರ್, ತಾನೇ ತೆಗೆದ ಗೂಬೆಮರಿಗಳ ಚಿತ್ರದ ಮುಂದೆ ಹೋಗಿ, ಎಷ್ಟು ಹತ್ತಿರದಿಂದ ತೆಗೆದೆನೆಂದು ನೆನೆಸಿಕೊಳ್ಳುವವನಂತೆ ನಿಂತಿದ್ದ.

ಮನೆಗೆ ಮರಳುವಾಗ ಶಾಮಲಾ ಡ್ರೈವ್ ಮಾಡುತ್ತಿದ್ದಳು. ಹೈವೇ ಹತ್ತಿದ ಮೇಲೆ ಮಾತಾಡಿದಳು.

"ಟೋಪಿ ವಿಷ್ಯ ಹೇಳ್ಲಿಲ್ಲ ನೀವು."

"ಅಷ್ಟೊಂದು ಮರ್ಯಾದೆ ಕಳ್ಕೊಳ್ಳೋದು ಬೇಡ ಅಂತ."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಂಗೂ ಅವತ್ತು ಪೂರ್ತಿ ಖಾತ್ರಿ ಇರ್ಲಿಲ್ಲ ರೀ" ಎಂದಳು. "ಕೆಲಸ ಹೋದ ಸಿಟ್ಟೂ ಸೇರ್ಕೊಂಡಿತ್ತೇನೋ. ನಿಮ್ಮೇಲೆ ತೀರಿಸ್ಕೊಂಡ್ನೇನೋ ಅಂತ ಆಮೇಲೆ ಎಷ್ಟ್ ಸಲ ಅನ್ನಿಸ್ತು."

ತ್ರಿವಿಕ್ರಮ ಮುಂದಿನ ಗಾಜಿನ ಮಬ್ಬನ್ನು ಅಂಗೈಯಿಂದ ಒರೆಸಿದ.

"ದೋಣಿ ತಿರುಗಿದ್ಮೇಲೆ ಕೊಕ್ಕು ಬಡಿಯೋದು ಕೇಳಿಸ್ತಲ್ಲ, ಆವಾಗ್ಲೇ ಗೊತ್ತಾಯ್ತು ನಂಗೆ, ನೀನ್ ಹೇಳಿದ್ದು ಸರಿ ಅಂತ. ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು. ಕೇಳಿಸ್ದೇ ಇದ್ದಿದ್ರೆ ನಿನ್ನ ಬೈದು ಆರಾಮಾಗಿ ಇರ್ಬಹುದಿತ್ತು."

ಶಾಮಲಾ ಸ್ಟೀರಿಂಗ್‌ನಿಂದ ಒಂದು ಕೈ ತೆಗೆದು ಅವನ ಮಂಡಿಯ ಮೇಲಿಟ್ಟಳು, ಲೇನ್ ಬದಲಾಯಿಸುವವರೆಗೆ.

ಆ ವಾರ ತ್ರಿವಿಕ್ರಮ ಮುಕಾಸಾನಿಗೆ ವಾಟ್ಸಾಪಿನಲ್ಲಿ ಬರೆದ. ಬೇಡವೆಂದರೂ ಮುಂದೆ ಹೋಗಲು ಒತ್ತಾಯಿಸಿದ್ದಕ್ಕೆ ಕ್ಷಮೆ ಕೇಳಿದ, ಮರಿಯ ಸಮಾಚಾರ ಕೇಳಿದ. ಉತ್ತರ ಬರಲು ದಿನಗಳೇ ಹಿಡಿದವು. ತಾನೂ ಅವತ್ತು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು ಎಂದು ಮುಕಾಸಾ ಬರೆದಿದ್ದ. ಈಗ ದೋಣಿಯವರೆಲ್ಲ ಸೇರಿ ಮಾತಾಡಿ, ಮರಿಯಿರುವಾಗ ಆ ಕಡೆಗೆ ಯಾರನ್ನೂ ಕರೆದೊಯ್ಯುವುದಿಲ್ಲ ಎಂದುಕೊಂಡಿದ್ದಾರೆ. ಜೌಗಿನ ಆಚೆ ಬದಿಯಲ್ಲಿ ಒಂದು ಎಳೆಯ ಶೂಬಿಲ್ ಹಾರಾಡುತ್ತಿರುವುದನ್ನು ಮೀನುಗಾರರು ಕಂಡಿದ್ದಾರೆ. ಅದೇ ಮರಿಯೋ ಬೇರೆಯೋ, ಹೇಳಲಾರೆ ಎಂದಿದ್ದ.

ತ್ರಿವಿಕ್ರಮ ಅದನ್ನು ಹೆಂಡತಿಗೆ ಓದಿ ಹೇಳಿದ. ಅದೇ ಇರಬೇಕು ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಮೇ ತಿಂಗಳಲ್ಲಿ ಶಾಮಲಾಳಿಗೆ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸೇರುವ ಹಿಂದಿನ ಭಾನುವಾರ ಇಬ್ಬರೂ ಕೆನ್ಮೋರ್‌ಗೆ ಹೋದರು. ಅಲ್ಲಿ ಬಸ್ಸಿಗೆ ಹೋಗುವವರು ಕಾರು ನಿಲ್ಲಿಸುವ ಜಾಗದ ಪಕ್ಕದ ಎತ್ತರದ ಮರಗಳಲ್ಲಿ ನೀಲಿ ಬಕಗಳು ಗೂಡು ಕಟ್ಟುತ್ತವೆ. ಎಲೆಗಳ ಸಂದಿಯಲ್ಲಿ ಕಡ್ಡಿಗಳ ಗೂಡುಗಳು ಕಾಣುತ್ತಿದ್ದವು, ಮರಿಗಳ ಕರಕರ ಸದ್ದು ಕೆಳಗಿನವರೆಗೂ ಕೇಳುತ್ತಿತ್ತು. ತ್ರಿವಿಕ್ರಮ ಬೇಲಿಯ ಹತ್ತಿರ ಟ್ರೈಪಾಡ್ ಊರಿ, ಕ್ಯಾಮೆರಾ ಕೂಡಿಸಿ, ಹೆಂಡತಿಯ ಕಡೆ ತಿರುಗಿದ.

"ಇಲ್ಲಿಂದ ಪರ್ವಾಗಿಲ್ವಾ?"

ಶಾಮಲಾ ಬೈನಾಕ್ಯುಲರ್ ಎತ್ತಿ ನೋಡಿದಳು. ಸರೋವರದ ಕಡೆಯಿಂದ ಒಂದು ಬಕ ಬಂದು ಮರದ ಮೇಲೆ ಅರ್ಧ ಸುತ್ತು ಹಾಕಿ, ಇಳಿಯದೆ ಪಕ್ಕದ ಕೊಂಬೆಯಲ್ಲಿ ಕೂತಿತು. ನಮ್ಮಿಂದಲೇ ಇರಬಹುದು, ಗಾಳಿಯಿಂದಲೂ ಇರಬಹುದು ಎಂದುಕೊಂಡಳು.

"ಗೊತ್ತಾಗ್ತಿಲ್ಲ ರೀ. ಸ್ವಲ್ಪ ಹಿಂದೆ ಹೋಗಿ ನೋಡೋಣ."

ಅವನು ಟ್ರೈಪಾಡ್ ಎತ್ತಿಕೊಂಡ. ಇಬ್ಬರೂ ನಿಂತ ಕಾರುಗಳ ಸಾಲಿನ ಹಿಂದಕ್ಕೆ ನಡೆದು, ಅಲ್ಲಿ ನಿಂತು, ಬಕ ಏನು ಮಾಡುತ್ತದೆಂದು ಕಾದರು.